ಅದು ಅರಳುಮರಳಲ್ಲ

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಹಿರಿಯರೊಬ್ಬರಿಗೆ ಸರ್ಪಸುತ್ತು ಆಗಿದೆ ಅಂದುಕೊಳ್ಳಿ. ಪಕ್ಕೆಯ ಒಂದೇ ಬದಿಗೆ ಸಾಲಾಗಿ ನೀರುಗುಳ್ಳೆ, ಕೆಂಡ ಇಟ್ಟಂಥ ಉರಿ. ನಾಲ್ಕೈದು ದಿನ ಕಳೆದಿದೆ. ಒಂದು ಬೆಳಿಗ್ಗೆ ಅವರು ಮಗಳನ್ನು ತಂಗಿಯ ಹೆಸರು ಹಿಡಿದು ಕರೆಯುತ್ತಾರೆ. ಅಂಗಿಯ ಗುಂಡಿ ಹಾಕಲು ತಡಕಾಡುತ್ತಾರೆ. ಊಟ ಮುಗಿಸಿ ಕೈ ತೊಳೆದವರು, ಇನ್ನೂ ಊಟ ಆಗಿಲ್ಲ ಅನ್ನುತ್ತಾರೆ. ಮನೆಯವರು ಏನಂದುಕೊಳ್ಳುತ್ತಾರೆ? ವಯಸ್ಸಾಯ್ತು, ನೋವಿಗೆ ನಿದ್ದೆ ಇಲ್ಲ, ಸ್ವಲ್ಪ ಅರಳುಮರಳು. ನಾಳೆ ನೋಡೋಣ.

ಇವತ್ತಿನ ನನ್ನ ಮಾತೆಲ್ಲ ಆ ‘ನಾಳೆ ನೋಡೋಣ’ದ ಬಗ್ಗೆಯೇ. ಯಾಕೆಂದರೆ ಸರ್ಪಸುತ್ತಿನ ವೈರಸ್ ಮಿದುಳಿಗೆ ತಗಲಿರಬಹುದು.

ಸರ್ಪಸುತ್ತು ಹೊರಗಿನಿಂದ ಹೊಸದಾಗಿ ಬಂದ ಕಾಯಿಲೆ ಅಲ್ಲ. ಚಿಕ್ಕಂದಿನಲ್ಲಿ ಚಿಕನ್ ಪಾಕ್ಸ್ ಆಗಿರುತ್ತದೆ ಅಲ್ವಾ, ಅದೇ ವೈರಸ್. ಹೆಸರು ವೇರಿಸೆಲ್ಲಾ ಜೋಸ್ಟರ್. ಗುಳ್ಳೆ ಒಣಗಿದರೂ ವೈರಸ್ ದೇಹ ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದಲ್ಲಿ, ಮುಖದ ನರಗಳ ಬುಡದಲ್ಲಿ, ನರಕೋಶಗಳ ಗಂಟುಗಳೊಳಗೆ ಸುಮ್ನೆ ಮಲಗಿಬಿಡುತ್ತದೆ. ಹತ್ತಾರು ವರ್ಷ ಹಾಗೇ ಇರುತ್ತದೆ. ಇದನ್ನು ಬಿಡಿಸಿ ಹೇಳಿದವರು ಇಂಗ್ಲೆಂಡಿನ ಎಡ್ಗರ್ ಹೋಪ್ ಸಿಂಪ್ಸನ್. ದೊಡ್ಡ ಪ್ರಯೋಗಾಲಯದವರಲ್ಲ, ಒಂದು ಸಣ್ಣ ಪಟ್ಟಣದ ಸಾಮಾನ್ಯ ವೈದ್ಯರು. ತಮ್ಮ ಬಳಿ ಬರುವ ರೋಗಿಗಳನ್ನೇ ವರ್ಷಗಟ್ಟಲೆ ಗಮನಿಸಿ, ಬರೆದಿಟ್ಟುಕೊಂಡು, 1965ರಲ್ಲಿ ಈ ವಿಚಾರ ಪ್ರಕಟಿಸಿದರು. ರೋಗಿಯನ್ನು ತಾಳ್ಮೆಯಿಂದ ನೋಡುವುದಕ್ಕೆ ಎಷ್ಟು ಬೆಲೆ ಇದೆ ಅನ್ನುವುದಕ್ಕೆ ನನಗೆ ಯಾವಾಗಲೂ ನೆನಪಾಗುವುದು ಅವರೇ.

ವಯಸ್ಸಾದಾಗ, ಅಥವಾ ದೇಹದ ಕಾವಲು ಸಡಿಲವಾದಾಗ ವೈರಸ್ ಏಳುತ್ತದೆ. ಕ್ಯಾನ್ಸರ್ ಚಿಕಿತ್ಸೆ ಪಡೆಯುವವರು, ಅಂಗ ಕಸಿ ಮಾಡಿಸಿಕೊಂಡವರು, ಎಚ್‌ಐವಿ ಇರುವವರು, ಬಹಳ ದಿನ ಸ್ಟೀರಾಯ್ಡ್ ತೆಗೆದುಕೊಳ್ಳುವವರು ಇವರಿಗೆಲ್ಲ ಅಪಾಯ ಜಾಸ್ತಿ. ಎದ್ದ ವೈರಸ್ ಸಾಮಾನ್ಯವಾಗಿ ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಆದರೆ ಅಪರೂಪಕ್ಕೆ ಒಳಮುಖವಾಗಿ, ಮಿದುಳಿನ ಕಡೆಗೆ ಹೊರಡುತ್ತದೆ. ಮಿದುಳು ಊದಿಕೊಳ್ಳುತ್ತದೆ. ಮಿದುಳಿನ ರಕ್ತನಾಳಗಳ ಗೋಡೆಗೂ ಅದು ಸೇರಿಕೊಳ್ಳಬಲ್ಲದು. ಹಾಗಾದಾಗ ಪಾರ್ಶ್ವವಾಯು ಹೊಡೆಯಬಹುದು, ಅದೂ ಗುಳ್ಳೆ ಮಾಯವಾಗಿ ವಾರಗಳು ಕಳೆದ ಮೇಲೆ. ಕಣ್ಣಿನ ಸುತ್ತ, ಹಣೆಯ ಮೇಲೆ ಸರ್ಪಸುತ್ತು ಎದ್ದವರನ್ನು ಅದಕ್ಕೇ ಹೆಚ್ಚು ಜೋಪಾನವಾಗಿ ನೋಡಬೇಕು.

ಮಿದುಳಿಗೆ ತಗಲಿದಾಗ ಕಾಣುವ ಲಕ್ಷಣಗಳು ಇವು: ಜ್ವರ, ತಲೆನೋವು, ಮಂಪರು, ಮಾತು ತಪ್ಪುವುದು, ನಡೆಯುವಾಗ ತೂರಾಡುವುದು, ಸ್ವಭಾವವೇ ಬದಲಾದಂತೆ ಕಾಣುವುದು, ಕೆಲವೊಮ್ಮೆ ಫಿಟ್ಸ್. ಎಲ್ಲವೂ ಒಟ್ಟಿಗೆ ಬರಬೇಕಿಲ್ಲ. ವಯಸ್ಸಾದವರಲ್ಲಿ ಜ್ವರ ಜೋರಾಗಿ ಇರದೆಯೂ ಇರಬಹುದು. ಇನ್ನೂ ಒಂದು ಮಾತು. ಕೆಲವರಿಗೆ ಗುಳ್ಳೆಯೇ ಏಳುವುದಿಲ್ಲ, ಅಥವಾ ಮಿದುಳಿಗೆ ತೊಂದರೆಯಾದ ಮೇಲೆ ಏಳುತ್ತದೆ. ಹಾಗಾಗಿ ‘ಮೈಮೇಲೆ ಏನೂ ಇಲ್ಲವಲ್ಲ’ ಎಂದು ಸಮಾಧಾನ ಮಾಡಿಕೊಳ್ಳುವಂತಿಲ್ಲ.

ಅರಳುಮರಳು ತಿಂಗಳು, ವರ್ಷ ಹಿಡಿದು ನಿಧಾನವಾಗಿ ಬರುತ್ತದೆ. ಮಿದುಳಿನ ಊತದಿಂದಾಗುವ ಗೊಂದಲ ಗಂಟೆಗಳಲ್ಲಿ, ದಿನಗಳಲ್ಲಿ ಬರುತ್ತದೆ. ‘ಮೊನ್ನೆ ತನಕ ಲೆಕ್ಕಪತ್ರ ಇವರೇ ನೋಡುತ್ತಿದ್ದರು, ನಿನ್ನೆಯಿಂದ ಹೀಗೆ’ ಎಂದು ಹೇಳಬಲ್ಲವರು ಮನೆಯವರು ಮಾತ್ರ. ಆಸ್ಪತ್ರೆಯಲ್ಲಿ ಆ ಒಂದು ಮಾತನ್ನು ಒತ್ತಿ ಹೇಳಿ. ಸರ್ಪಸುತ್ತು ಆಗಿತ್ತು, ಇಂಥ ಮಾತ್ರೆ ಕೊಡುತ್ತಿದ್ದೇವೆ ಅನ್ನುವುದನ್ನೂ ಹೇಳಿ. ಅದೇ ದಿನ ಹೋಗಿ.

ಅಲ್ಲಿ ಸ್ಕ್ಯಾನ್ ಮಾಡುತ್ತಾರೆ. ಬೆನ್ನಿನಿಂದ ನೀರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಈ ಬೆನ್ನಿನ ಸೂಜಿ ಎಂದರೆ ಮನೆಯವರಿಗೆ ತುಂಬಾ ಭಯ, ಸೊಂಟ ಬಿದ್ದುಹೋಗುತ್ತದೆ ಅಂತ. ಸೂಜಿ ಹಾಕುವುದು ಬೆನ್ನುಹುರಿ ಮುಗಿದ ಜಾಗದಿಂದ ಕೆಳಗೆ. ಒಂದೆರಡು ದಿನ ತಲೆನೋವು ಬರಬಹುದು. ಆದರೆ ಆ ನೀರಿನಲ್ಲಿ ವೈರಸ್ಸಿನ ಗುರುತು ಸಿಕ್ಕರೆ ಕಾಯಿಲೆ ಯಾವುದೆಂದು ತಿಳಿಯುತ್ತದೆ. ದಯವಿಟ್ಟು ಬೇಡ ಅನ್ನಬೇಡಿ.

ಔಷಧಿಯ ಹೆಸರು ಏಸೈಕ್ಲೋವಿರ್. ಇದರ ಕೆಲಸ ನಿಜಕ್ಕೂ ಚೆಂದ. ವೈರಸ್ ಹೊಕ್ಕ ಜೀವಕೋಶದೊಳಗೆ ಹೋದಾಗ, ವೈರಸ್ಸಿನದೇ ಒಂದು ಕಿಣ್ವ ಈ ಔಷಧಿಯನ್ನು ಚುರುಕು ಮಾಡುತ್ತದೆ. ಚುರುಕಾದ ಔಷಧಿ ಆ ವೈರಸ್ ಬೆಳೆಯದಂತೆ ತಡೆಯುತ್ತದೆ. ತನ್ನ ಕೈಯಾರೆ ತನ್ನ ಬೀಗ ಜಡಿದುಕೊಂಡ ಹಾಗೆ. ಆರೋಗ್ಯವಾಗಿರುವ ಕೋಶಗಳ ತಂಟೆಗೆ ಅದು ಹೆಚ್ಚು ಹೋಗುವುದಿಲ್ಲ. ಇಂಥ ಔಷಧಿಗಳಿಗೆ ದಾರಿ ಮಾಡಿದ ವಿಜ್ಞಾನಿ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಮಿದುಳಿಗೆ ತಗಲಿದಾಗ ಮಾತ್ರೆ ಸಾಲದು. ರಕ್ತನಾಳದ ಮೂಲಕ, 8 ಗಂಟೆಗೊಮ್ಮೆ, ಸಾಮಾನ್ಯವಾಗಿ 10ರಿಂದ 14 ದಿನ ಕೊಡುತ್ತಾರೆ. ಅನುಮಾನ ಬಲವಾಗಿದ್ದರೆ ವರದಿಗೆ ಕಾಯದೆ ಶುರು ಮಾಡುತ್ತಾರೆ. ಅದೇ ಸರಿ.

ಇಲ್ಲಿ ಒಂದು ತೊಡಕೂ ಇದೆ. ಮೂತ್ರಪಿಂಡ ದುರ್ಬಲವಾಗಿರುವವರಲ್ಲಿ ಇದೇ ಔಷಧಿ ಮೈಯಲ್ಲಿ ಉಳಿದು, ಗೊಂದಲ, ಭ್ರಮೆ ತರಬಲ್ಲದು. ನೋಡುವವರಿಗೆ ಮಿದುಳಿನ ಊತದಂತೆಯೇ ಕಾಣುತ್ತದೆ. ಡಯಾಲಿಸಿಸ್ ಆಗುತ್ತಿದ್ದರೆ, ಕಿಡ್ನಿ ತೊಂದರೆ ಇದ್ದರೆ, ಸರ್ಪಸುತ್ತಿಗೆ ಮಾತ್ರೆ ಬರೆಸಿಕೊಳ್ಳುವಾಗಲೇ ಅದನ್ನು ಹೇಳಿಬಿಡಿ. ಪ್ರಮಾಣ ಕಡಿಮೆ ಮಾಡುತ್ತಾರೆ.

ಸರ್ಪಸುತ್ತು ಕಂಡ 72 ಗಂಟೆಯೊಳಗೆ ಮಾತ್ರೆ ಶುರುವಾದರೆ ಹೆಚ್ಚು ಗುಣ. 50 ದಾಟಿದವರಿಗೆ ಎರಡು ಡೋಸ್ ಲಸಿಕೆಯೂ ಇದೆ. ನಿಮ್ಮ ವೈದ್ಯರನ್ನು ಕೇಳಿ.

ಗುಣವಾಗಿ ಮನೆಗೆ ಬಂದವರ ಬಗ್ಗೆಯೂ ಹೇಳಬೇಕು. ಹೊರಗೆ ನೋಡಿದರೆ ಚೆನ್ನಾಗಿರುತ್ತಾರೆ. ಆದರೆ ಹೆಸರು ನೆನಪಾಗುವುದಿಲ್ಲ, ಬೇಗ ಸುಸ್ತು, ಇಬ್ಬರು ಒಟ್ಟಿಗೆ ಮಾತಾಡಿದರೆ ಗಲಿಬಿಲಿ. ತಿಂಗಳುಗಟ್ಟಲೆ ಹೀಗಿರಬಹುದು, ಕೆಲವರಿಗೆ ಸ್ವಲ್ಪ ಉಳಿದೂಬಿಡಬಹುದು. ಅವರಿಗೆ ಸೋಮಾರಿತನ ಅಂತ ಅನ್ನಬೇಡಿ. ಒಂದು ಸಲಕ್ಕೆ ಒಂದು ಮಾತು ಹೇಳಿ, ಉತ್ತರ ಬರುವವರೆಗೆ ಕಾಯಿರಿ.

ನಮಸ್ಕಾರ.