ಒಂದು ಕೊಡ ನೀರಿಗೆ ಎಷ್ಟು ಕರೆಂಟು?

ಎಲ್ಲರಿಗೂ ಶರಣು ಶರಣಾರ್ಥಿ.

ಬೀದರಿನಲ್ಲಿ ನಿಂತು ನೀರಿನ ಮಾತು ತೆಗೆದರೆ ನೌಬಾದಿನ ಸುರಂಗ ಬಾವಿಯನ್ನು ನೆನೆಯದಿರಲು ನನ್ನಿಂದಾಗದು. ಕರೇಜ್ ಎನ್ನುತ್ತೇವಲ್ಲ, ಅದೇ. 15ನೇ ಶತಮಾನದಲ್ಲಿ, ಬಹಮನಿ ಅರಸರ ಕಾಲದಲ್ಲಿ ತೋಡಿದ್ದು. ನಮ್ಮ ಕೆಂಪು ಜಂಬಿಟ್ಟಿಗೆ ಕಲ್ಲು ಮಳೆಯನ್ನು ಕುಡಿಯುತ್ತದೆ, ಅದರಡಿಯ ಕಪ್ಪು ಬಂಡೆ ತಡೆಯುತ್ತದೆ. ಆ ನಡುವಿನ ಒಸರನ್ನು ನೆಲದೊಳಗಿನ ಕಾಲುವೆಗೆ ಕೂಡಿಸಿ ಇಳಿಜಾರಿನಲ್ಲೇ ಹರಿಸಿದರು. ಹರಿದು ಬರಲು ಯಾವ ಯಂತ್ರವೂ ಬೇಕಿರಲಿಲ್ಲ.

ಇಂದು ಕೊಳವೆಬಾವಿಯಿಂದ ಸಂಪಿಗೆ, ಸಂಪಿನಿಂದ ಮಾಳಿಗೆಯ ಟ್ಯಾಂಕಿಗೆ ಎರಡೆರಡು ಸಲ ಮೋಟರ್ ಹಚ್ಚುತ್ತೇವೆ. ಹಾಗಾಗಿ ನೀರು ಸೋರುವ ಮನೆಯಲ್ಲಿ ಕರೆಂಟೂ ಸೋರುತ್ತದೆ. ಒಂದು ಎಚ್‌ಪಿ ಮೋಟರ್ ಒಂದು ತಾಸು ಓಡಿದರೆ ಸುಮಾರು ಒಂದು ಯುನಿಟ್. ದಿನಕ್ಕೆ 20 ನಿಮಿಷ ಹೆಚ್ಚಿಗೆ ಓಡಿದರೆ ತಿಂಗಳಿಗೆ 10 ಯುನಿಟ್. ಗೃಹಜ್ಯೋತಿ ಇದೆಯಲ್ಲ ಎಂದು ಅಕ್ಕಂದಿರು ಕೇಳಬಹುದು. ಇದೆ, ಅದು ದೊಡ್ಡ ಆಸರೆ. ಆದರೆ ತಿಂಗಳ ಬಳಕೆ 200 ಯುನಿಟ್ ದಾಟಿತೆಂದರೆ ದಾಟಿದಷ್ಟಕ್ಕೆ ಮಾತ್ರವಲ್ಲ, ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಮೇ ತಿಂಗಳಲ್ಲಿ ಹಗಲು ರಾತ್ರಿ ಕೂಲರ್ ತಿರುಗುವ ಮನೆಗೆ ಆ 10 ಯುನಿಟ್ ಸಣ್ಣದಲ್ಲ.

ಹೋದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ರಾತ್ರಿ ತುಂಬಿಸಿದ ಟ್ಯಾಂಕು ಬೆಳಗಾಗುವಷ್ಟರಲ್ಲಿ ಅರ್ಧ ಖಾಲಿ. ಟ್ಯಾಂಕು ಬಿರಿದಿದೆಯೇ ಎಂದು ನೋಡಿದೆವು, ಪೈಪುಗಳನ್ನು ತಡವಿದೆವು. ಎಲ್ಲೂ ಒದ್ದೆಯಿಲ್ಲ. ಕೊನೆಗೆ ಶೌಚಾಲಯದ ಫ್ಲಶ್ ಟ್ಯಾಂಕಿಗೆ ಜಿಲೇಬಿಗೆ ಹಾಕುವ ಬಣ್ಣವನ್ನು ಚಿಟಿಕೆಯಷ್ಟು ಹಾಕಿ ಕಾದೆವು. ಯಾರೂ ಗುಂಡಿ ಒತ್ತದಿದ್ದರೂ ಅರ್ಧ ತಾಸಿನಲ್ಲಿ ಬಣ್ಣ ಕೆಳಗಿಳಿದು ಬಂತು. ಒಳಗಿನ ರಬ್ಬರ್ ಸವೆದು, ಸದ್ದಿಲ್ಲದೆ ಇಡೀ ರಾತ್ರಿ ನೀರು ಹೋಗುತ್ತಿತ್ತು. ಇವತ್ತೇ ಮನೆಗೆ ಹೋಗಿ ಈ ಪರೀಕ್ಷೆ ಮಾಡಿ ಎಂದು ಕೈಮುಗಿದು ಕೇಳುತ್ತೇನೆ.

ಹನಿಯುವ ನಳವಾದರೆ ಕಣ್ಣಿಗಾದರೂ ಕಾಣುತ್ತದೆ, ಆದರೂ ನಾವು ಬಿಟ್ಟುಬಿಡುತ್ತೇವೆ. ಅದರ ಕೆಳಗೆ ಲೋಟ ಇಟ್ಟು ನೋಡಿ. ತಾಸಿಗೆ 200 ಮಿಲಿಲೀಟರ್ ತುಂಬಿದರೆ ವರ್ಷಕ್ಕೆ 1,752 ಲೀಟರ್ ಆಯಿತು. ನೀರು ಶುದ್ಧೀಕರಿಸುವ ಆರ್‌ಒ ಯಂತ್ರ ಹೊರಬಿಡುವ ನೀರನ್ನೂ ಬಕೆಟಿನಲ್ಲಿ ಹಿಡಿದರೆ ನೆಲ ಒರೆಸಲು ಸಾಕು. ಕೂಲರನ್ನು ಕಿಟಕಿಗೆ ಕೂಡಿಸಿ, ಎದುರಿನ ಕಿಟಕಿ ತುಸು ತೆರೆದಿಡಿ. ಮುಚ್ಚಿದ ಕೋಣೆಯಲ್ಲಿ ತೇವ ಕಟ್ಟಿಕೊಂಡು ತಂಪೇ ಹತ್ತುವುದಿಲ್ಲ, ನೀರು ಮತ್ತು ಕರೆಂಟು ಎರಡೂ ದಂಡ.

ಇನ್ನು ಮಾಳಿಗೆಯ ಮಳೆ. 100 ಚದರ ಮೀಟರ್ ಮಾಳಿಗೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್ ನೀರು. ಮೊದಲ ಮಳೆಯ ಕೊಳೆಯನ್ನು ಹೊರಗೆ ಬಿಟ್ಟು, ಮುಂದಿನದನ್ನು ಮರಳು-ಜಲ್ಲಿಯ ಮೂಲಕ ಸೋಸಿ ಸಂಪಿಗೆ ಬಿಡಿ. ಸಂಪು ತುಂಬಿದರೆ ಇಂಗುಗುಂಡಿಗೆ. ಕರೇಜಿಗೆ ನೀರು ಕೊಟ್ಟ ಅದೇ ಕೆಂಪು ಕಲ್ಲು ಈ ನೀರನ್ನೂ ಕುಡಿಯುತ್ತದೆ. ಕೊಳವೆಬಾವಿಯಲ್ಲಿ ನೀರು ಮೇಲೇರಿದಷ್ಟೂ ಮೋಟರಿನ ಶ್ರಮ ಕಡಿಮೆ.

ಈ ಮೇಜಿನ ಮೇಲೆ ಒಂದು ಹಳೆಯ ನಳ, ಒಂದು ಪಾನಾ, ನಾಲ್ಕು ವಾಷರ್ ಇಟ್ಟಿದ್ದೇನೆ. ತಾಯಂದಿರು ಮುಂದೆ ಬನ್ನಿ. ಮೊದಲು ಟ್ಯಾಂಕಿನಿಂದ ಬರುವ ವಾಲ್ವ್ ಮುಚ್ಚಬೇಕು, ಆಮೇಲೆ ನಳದ ತಲೆ ಬಿಚ್ಚಬೇಕು. ಬಿಚ್ಚುವುದನ್ನು ನಿಮ್ಮ ಕೈಯಿಂದಲೇ ಮಾಡಿಸುತ್ತೇನೆ.