ಪೋರ್ಟರ್ ಸ್ಪರ್ಧೆಗೆ ಹೊರಟಿತು, ಬಾಟಲಿ ಹೊರಡಲಿಲ್ಲ

ಮನೆಯಲ್ಲೇ ಪೋರ್ಟರ್, ಅಂದರೆ ಕಂದು ಬಣ್ಣದ ಒಂದು ಬಗೆಯ ಬಿಯರ್, ಮಾಡಿ ಸ್ಪರ್ಧೆಗೆ ಕಳಿಸಿದ ಕಥೆ ಇದು. ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಪುಡಿ ಮಾಡಿದ್ದು, ಬಿಸಿ ನೀರಿನಲ್ಲಿ ನೆನೆಹಾಕಿದ್ದು, ಸೋಸಿದ್ದು, ಎಲ್ಲ ಈಗ ತಾನೇ ನೋಡಿದಿರಿ. ಅದನ್ನೇ ಮತ್ತೆ ಬಾಯಲ್ಲಿ ಹೇಳುವುದಿಲ್ಲ. ಕ್ಯಾಮೆರಾಗೆ ಕಾಣದ್ದು ಒಂದೇ, ಥರ್ಮಾಮೀಟರ್‌ನ ಅಂಕಿ. ಅದು 67 ಡಿಗ್ರಿಯಲ್ಲಿ ನಿಂತಿತ್ತು. 64ಕ್ಕೆ ಇಳಿದರೆ ಇನ್ನೂ ಹೆಚ್ಚು ಸಕ್ಕರೆಯನ್ನು ಯೀಸ್ಟ್ ತಿಂದು ಮುಗಿಸುತ್ತದೆ, ಬಿಯರ್ ತೆಳ್ಳಗಾಗುತ್ತದೆ. 69ಕ್ಕೆ ಏರಿದರೆ ಯೀಸ್ಟ್‌ಗೆ ತಿನ್ನಲಾಗದ ಸಕ್ಕರೆ ಜಾಸ್ತಿ ಉಳಿದು, ಬಾಯಿಗೆ ದಪ್ಪ ಅನ್ನಿಸುತ್ತದೆ. ನಮಗೆ ಎರಡರ ನಡುವಿನದ್ದು ಬೇಕಿತ್ತು.

ಥರ್ಮಾಮೀಟರ್ ಹಿಡಿದು ಪಾತ್ರೆಯೊಳಗೆ ಬಗ್ಗಿ ನೋಡುತ್ತಿರುವವನನ್ನು ನಾವು ಮೇಷ್ಟ್ರು ಅಂತ ಕರೆಯುತ್ತೇವೆ. ಅವನು ಪಾಠ ಮಾಡುವವನಲ್ಲ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾನೆ, ಅಷ್ಟೇ. ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಹೂವು ಎಷ್ಟು ಗ್ರಾಂ, ಎಷ್ಟು ಗಂಟೆಗೆ ಹಾಕಿದ್ದು, ಆಗ ಮಳೆ ಬರುತ್ತಿತ್ತಾ, ಎಲ್ಲ. ಪಕ್ಕದಲ್ಲಿ ನಿಂತು ನಗುತ್ತಿರುವವಳು ನಮ್ಮ ಗೆಳತಿ. ಅವಳಿಗೆ ನೋಟ್‌ಬುಕ್ ಬೇಡ. ಮೂಗು ಹತ್ತಿರ ತಂದು ಏನಾಗಿದೆ ಅಂತ ಹೇಳಿಬಿಡುತ್ತಾಳೆ. ಇವರಿಬ್ಬರ ಮಧ್ಯೆ ನನ್ನ ಕೆಲಸ ಏನು ಅಂದರೆ ಪಾತ್ರೆ ತೊಳೆಯುವುದು, ವಿಡಿಯೋ ಮಾಡುವುದು. ಮನೆಯಲ್ಲಿ ಬಿಯರ್ ಮಾಡುವುದೆಂದರೆ ಮುಕ್ಕಾಲು ಪಾಲು ತೊಳೆಯುವ ಕೆಲಸವೇ. ಯಾರು ಏನೇ ಹೇಳಲಿ.

ಈ ಕಪ್ಪು ಕಾಳು ಚಾಕೊಲೇಟ್ ಮಾಲ್ಟ್. ಇದರಲ್ಲಿ ಚಾಕೊಲೇಟ್ ಇಲ್ಲ. ಬಾರ್ಲಿಯನ್ನು ಕಪ್ಪಾಗುವವರೆಗೆ ಹುರಿದದ್ದು, ಬಣ್ಣ ನೋಡಿ ಇಟ್ಟ ಹೆಸರು. ಇಷ್ಟೇ ಇಷ್ಟು ಹಾಕಿದರೂ ಇಪ್ಪತ್ತು ಲೀಟರ್ ಕಂದಾಗುತ್ತದೆ. ಇನ್ನೊಂದು ಹಿಡಿ ಹಾಕೋಣ ಅಂತ ಗೆಳತಿ, ಬೇಡ ಅಂತ ಮೇಷ್ಟ್ರು. ಗೆದ್ದವಳು ಅವಳು. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಕೆಲಸಕ್ಕೆ ಬರುತ್ತದೆ.

ಕುದಿಯುವಾಗ ಮುಚ್ಚಳ ಯಾಕೆ ಹಾಕಿಲ್ಲ ಅಂತ ಹಿಂದಿನ ವಿಡಿಯೋದಲ್ಲಿ ತುಂಬಾ ಜನ ಕೇಳಿದ್ದಿರಿ. ಮಾಲ್ಟ್‌ನಿಂದ ಡಿಎಂಎಸ್ ಅನ್ನುವ ಒಂದು ಗಂಧಕದ ವಸ್ತು ಹೊರಡುತ್ತದೆ. ಅದು ಹಬೆಯ ಜೊತೆ ಹೋಗಬೇಕು. ಮುಚ್ಚಿದರೆ ಮತ್ತೆ ಒಳಗೇ ತೊಟ್ಟಿಕ್ಕಿ, ಬಿಯರ್ ಬೇಯಿಸಿದ ಮೆಕ್ಕೆಜೋಳದ ವಾಸನೆ ಹೊಡೆಯುತ್ತದೆ. ಸ್ಪರ್ಧೆಯ ತೀರ್ಪುಗಾರರು ಮೊದಲು ಹಿಡಿಯುವ ತಪ್ಪುಗಳಲ್ಲಿ ಇದೂ ಒಂದು. ಬೆಣ್ಣೆ ವಾಸನೆ ಬಂದರೆ ಡಯಾಸಿಟೈಲ್ ಅನ್ನುವ ವಸ್ತು ಉಳಿದಿದೆ ಅಂತ. ಹಸಿ ಸೇಬಿನ ವಾಸನೆ ಬಂದರೆ ಅಸಿಟಾಲ್ಡಿಹೈಡ್, ಸಾಮಾನ್ಯವಾಗಿ ಯೀಸ್ಟ್ ಕೆಲಸ ಮುಗಿಸುವ ಮೊದಲೇ ಅವಸರ ಮಾಡಿದ್ದೀರಿ ಅಂತ ಅರ್ಥ.

ಒಂದು ಗಂಟೆ ಕುದಿಯಬೇಕು. ಅಲ್ಲಿವರೆಗೆ ಬೇರೆ ಏನಾದರೂ ಮಾತಾಡೋಣ. ಜರ್ಮನಿಯ ಬವೇರಿಯಾದಲ್ಲಿ 1516ರಲ್ಲಿ ಬಂದ ಬಿಯರ್ ಶುದ್ಧತೆ ನಿಯಮದ ಬಗ್ಗೆ ಕೇಳಿರುತ್ತೀರಿ, ಬಾರ್ಲಿ, ಹಾಪ್ಸ್, ನೀರು, ಇಷ್ಟೇ ಹಾಕಬೇಕು ಅನ್ನುವುದು. ಅದರಲ್ಲಿ ಯೀಸ್ಟ್‌ನ ಹೆಸರೇ ಇಲ್ಲ! ಅದು ಏನು ಕೆಲಸ ಮಾಡುತ್ತದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಯೀಸ್ಟ್‌ನ ಕೆಲಸ ವಿವರಿಸಿ ವಿಜ್ಞಾನಿ ಪಾಶ್ಚರ್ ಬಿಯರ್ ಬಗ್ಗೆ ಪುಸ್ತಕ ಬರೆದದ್ದು 1876ರಲ್ಲಿ. ಯೀಸ್ಟ್‌ನ ಒಂದೇ ಕೋಶದಿಂದ ಶುದ್ಧ ತಳಿ ಬೆಳೆಸುವುದನ್ನು ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ ಸಾಧಿಸಿದ್ದು 1883ರಲ್ಲಿ. ಅಂದರೆ ಅಷ್ಟು ಶತಮಾನ ಜನ ಯಾರ ಕೈಲಿ ಕೆಲಸ ಮಾಡಿಸುತ್ತಿದ್ದೇವೆ ಅಂತ ಗೊತ್ತಿಲ್ಲದೆಯೇ ಮಾಡಿಸಿದ್ದಾರೆ. ಇನ್ನೊಂದು ವಿಷಯ, ಆ ನಿಯಮದಲ್ಲಿ ಶುದ್ಧತೆಗಿಂತ ಬಿಯರ್ ಬೆಲೆ ಎಷ್ಟಿರಬೇಕು ಅನ್ನುವ ಮಾತೇ... ಓ, ತಣ್ಣಗಾಗಿಸುವ ಶಾಟ್ ಬಂದೇಬಿಟ್ಟಿತು.

ತಾಮ್ರದ ಸುರುಳಿ, ಒಳಗೆ ತಣ್ಣೀರು, 20 ಡಿಗ್ರಿಗೆ ಇಳಿಯಿತು, ಯೀಸ್ಟ್ ಹಾಕಿದೆವು, ಮುಚ್ಚಿದೆವು. ದ್ರವ ನೀರಿಗಿಂತ ಎಷ್ಟು ಗಟ್ಟಿ, ಅಂದರೆ ಅದರಲ್ಲಿ ಸಕ್ಕರೆ ಎಷ್ಟಿದೆ ಅಂತ ಅಳೆಯುವ ಹೈಡ್ರೋಮೀಟರ್ ಆಗ 1.052 ತೋರಿಸಿತು. ಗ್ಯಾಸ್ ಹೊರಗೆ ಬಿಟ್ಟು ಗಾಳಿ ಒಳಗೆ ಬಿಡದ ಏರ್‌ಲಾಕ್ ಗುಳುಗುಳು ಅನ್ನುವ ಶಾಟ್ ಚೆನ್ನಾಗಿದೆ ಅಂತ ಸ್ವಲ್ಪ ಉದ್ದ ಇಟ್ಟಿದ್ದೇನೆ, ಬೇಜಾರಾದರೆ ಮುಂದೆ ಓಡಿಸಿ. ಕೊನೆಯಲ್ಲಿ 1.012. ಮೂರು ದಿನ ನೋಡಿದರೂ ಅಷ್ಟೇ. ಹಾಗೆ ನಿಂತ ಮೇಲೇ ಬಾಟಲಿಗೆ ತುಂಬಬೇಕು, ಇಲ್ಲದಿದ್ದರೆ ಬಾಟಲಿ ಸಿಡಿಯಬಹುದು, ತಮಾಷೆಯಲ್ಲ. ಎರಡರ ವ್ಯತ್ಯಾಸವನ್ನು 131.25ರಿಂದ ಗುಣಿಸಿದರೆ ಆಲ್ಕೋಹಾಲ್ ಎಷ್ಟು ಅಂತ ಹತ್ತಿರದ ಲೆಕ್ಕ ಸಿಗುತ್ತದೆ. ನಮ್ಮದು 5.25 ಪ್ರತಿಶತ.

ಈಗ ಬಂತು ನೋಡಿ ಬಾಟಲಿ ಪುರಾಣ. ಈ ವಿಡಿಯೋ ಮಾಡುವ ಮನಸ್ಸು ಬಂದದ್ದೇ ಇದರಿಂದ.

ಸ್ಪರ್ಧೆಯವರ ನಿಯಮ ಹೀಗಿತ್ತು. ಬಾಟಲಿ ಕಂದು ಗಾಜಿನದ್ದಾಗಿರಬೇಕು. ಲೇಬಲ್ ಇರಬಾರದು. ಮುಚ್ಚಳದ ಮೇಲೆ ಏನೂ ಬರೆದಿರಬಾರದು, ಇದ್ದರೆ ಕಪ್ಪು ಮಾರ್ಕರ್‌ನಿಂದ ಮುಚ್ಚಬೇಕು. ಅವರು ಕೊಟ್ಟ ಚೀಟಿಯನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಬೇಕು, ಅಂಟಿಸಬಾರದು. ಕಂದು ಬಣ್ಣಕ್ಕೆ ಕಾರಣ ಇದೆ. ಹಸಿರು ಗಾಜಿನಲ್ಲೋ ಬಿಳಿ ಗಾಜಿನಲ್ಲೋ ಬೆಳಕು ಬಿದ್ದರೆ ಹಾಪ್ಸ್‌ನ ಕಹಿ ವಸ್ತು ಒಡೆದು ಹೊಲಸು ನಾರುತ್ತದೆ. ಉಳಿದದ್ದು ಯಾವ ಬಾಟಲಿ ಯಾರದ್ದು ಅಂತ ತೀರ್ಪುಗಾರರಿಗೆ ಗೊತ್ತಾಗಬಾರದು ಅಂತ. ನ್ಯಾಯವೇ. ಆದರೆ ನ್ಯಾಯದ ಬೆಲೆ ಕೊಡುವವರು ನಾವು ತಾನೇ.

ಖಾಲಿ ಬಾಟಲಿಗಳನ್ನು ಗೆಳತಿ ಬಹಳ ದಿನದಿಂದ ಕೂಡಿಟ್ಟಿದ್ದಳು. ವಾಷಿಂಗ್ ಸೋಡಾ ಹಾಕಿದ ಬಿಸಿ ನೀರಿನಲ್ಲಿ ಮುಳುಗಿಸಿದೆವು. ಕಾಗದದ ಲೇಬಲ್‌ಗಳು ಅರ್ಧ ಗಂಟೆಯಲ್ಲಿ ತಾವೇ ಬಿಟ್ಟುಕೊಂಡು ಮೇಲೆ ತೇಲಿದವು. ಪ್ಲಾಸ್ಟಿಕ್ ಲೇಬಲ್‌ಗಳಿವೆಯಲ್ಲ, ಅವು ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಒಂದು ಮೂಲೆ ಉಗುರಿನಲ್ಲಿ ಎತ್ತಿದರೆ ಮೇಲಿನ ಪದರ ಮಾತ್ರ ಬರುತ್ತದೆ. ಕೆಳಗೆ ಅಂಟು ಹಾಗೇ ಇರುತ್ತದೆ, ಬೂದು ಬಣ್ಣ, ಬೆರಳಿಟ್ಟರೆ ಬೆರಳಿಗೇ ಹತ್ತಿಕೊಳ್ಳುತ್ತದೆ. ಅಡುಗೆ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತಿಕ್ಕಬೇಕು. ಆಮೇಲೆ ಆ ಎಣ್ಣೆ ಹೋಗುವುದಕ್ಕೆ ಸೋಪು ಹಾಕಿ ತಿಕ್ಕಬೇಕು, ಯಾಕೆಂದರೆ ಬಾಟಲಿ ಒಳಗೆ ಎಣ್ಣೆ ಒಂದು ತೊಟ್ಟು ಹೋದರೂ ಬಿಯರ್‌ನ ನೊರೆ ನಿಲ್ಲುವುದಿಲ್ಲ. ಆಮೇಲೆ ಆ ಸೋಪು ಹೋಗುವುದಕ್ಕೆ ತೊಳೆಯಬೇಕು. ಈ ಶಾಟ್‌ನಲ್ಲಿ ನನ್ನ ಮುಖ ನೋಡಿದರೇ ನಿಮಗೆ ಅರ್ಥವಾಗುತ್ತದೆ.

ಎಲ್ಲ ಮುಗಿದು ಒಂದೊಂದೇ ಬಾಟಲಿ ಬೆಳಕಿಗೆ ಹಿಡಿದು ನೋಡುತ್ತಿದ್ದೇವೆ. ಮೇಷ್ಟ್ರು ಹೆಬ್ಬೆರಳಿನಿಂದ ಬಾಟಲಿಯ ಭುಜ ಸವರಿ, "ಇದೇನೋ ಇದು, ಅಕ್ಷರ ಇದೆ" ಅಂದ. ಇತ್ತು. ಲೇಬಲ್ ಇದ್ದ ಜಾಗದ ಸ್ವಲ್ಪ ಮೇಲೆ ಗಾಜಿನಲ್ಲೇ ಉಬ್ಬಿಸಿದ ಕಂಪನಿ ಹೆಸರು. ಕೈಗೆ ಸಿಗುತ್ತದೆ, ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ನಿಯಮ ತೆಗೆದು ನೋಡಿದರೆ, ಉಬ್ಬು ಅಕ್ಷರವೂ ನಡೆಯುವುದಿಲ್ಲ ಅಂತ ಸ್ಪಷ್ಟವಾಗಿ ಬರೆದಿದೆ. ಗಾಜಿನ ಮೇಲಿನ ಅಕ್ಷರವನ್ನು ಯಾವ ಎಣ್ಣೆ ಹಾಕಿ ತೆಗೆಯೋಣ ಹೇಳಿ!

ಆ ಹೊತ್ತಿನಲ್ಲಿ ನಾನು ಸ್ಪರ್ಧೆಗಳ ಬಗ್ಗೆ ಆಡಿದ ಮಾತನ್ನು ಮ್ಯೂಟ್ ಮಾಡಿದ್ದೇನೆ. ಸ್ಪರ್ಧೆಗೆ ಬಿಯರ್ ಕಳಿಸುವವರಿಗೆ ತಲೆ ಕೆಟ್ಟಿದೆ ಅನ್ನುವುದು ಅದರ ಸಾರಾಂಶ. ಕೊನೆಗೆ ಹೊಸ ಬಾಟಲಿಗಳನ್ನೇ ಕೊಂಡೆವು. ತಿಕ್ಕಿದ ಬಾಟಲಿಗಳೆಲ್ಲ ನಮ್ಮ ಪಾಲಿಗೆ ಉಳಿದವು.

ತುಂಬುವುದು ಬೇಗ ಆಯಿತು. ಲೀಟರಿಗೆ ಆರು ಗ್ರಾಂ ಸಕ್ಕರೆ, ಬಾಟಲಿಯೊಳಗೆ ಯೀಸ್ಟ್ ಅದನ್ನು ತಿಂದು ಗ್ಯಾಸ್ ಮಾಡುತ್ತದೆ. ಮುಚ್ಚಳ ಒತ್ತುವ ಸದ್ದು ನನಗೆ ತುಂಬಾ ಇಷ್ಟ, ಅದಕ್ಕೇ ಇಲ್ಲಿ ಸಂಗೀತ ಹಾಕಿಲ್ಲ.

ಅಂದ ಹಾಗೆ, ಮನೆಯಲ್ಲಿ ಬಿಯರ್ ಮಾಡಲು ಕಾನೂನು ಬಿಡುತ್ತದಾ ಅನ್ನುವುದು ಒಂದೊಂದು ಕಡೆ ಒಂದೊಂದು ಥರ. ಮೊದಲು ನಿಮ್ಮಲ್ಲಿ ಹೇಗೆ ಅಂತ ನೋಡಿಕೊಳ್ಳಿ. ಅಮೆರಿಕದಲ್ಲೇ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಮೇಲೆ ಕೇಂದ್ರದ ಕಾನೂನು ಇದಕ್ಕೆ ತೆರಿಗೆ ಮನ್ನಾ ಮಾಡಿತು. ಆದರೂ ಅಲಬಾಮಾ, ಮಿಸಿಸಿಪ್ಪಿ ರಾಜ್ಯಗಳು ಒಪ್ಪಲು 2013 ಆಗಬೇಕಾಯಿತು. ಅದು ಹಾಗಿರಲಿ, ಅರ್ಜಿ ತುಂಬುವ ಶಾಟ್ ಬಂತು.

ಇಲ್ಲಿ ನಿಜವಾದ ಜಗಳ. ಸ್ಪರ್ಧೆಯಲ್ಲಿ ಬಿಯರ್ ಚೆನ್ನಾಗಿದೆಯಾ ಅಂತ ಮಾತ್ರ ನೋಡುವುದಿಲ್ಲ. ನೀವು ಹೇಳಿದ ಬಗೆಗೆ ಅದು ಹೊಂದುತ್ತದಾ ಅಂತ ನೋಡುತ್ತಾರೆ. ಹೆಚ್ಚಿನ ಸ್ಪರ್ಧೆಗಳು ಬಿಜೆಸಿಪಿ ಅನ್ನುವ ತೀರ್ಪುಗಾರರ ಸಂಸ್ಥೆಯ ಪಟ್ಟಿ ಹಿಡಿಯುತ್ತವೆ. ಅದರಲ್ಲಿ ಇಂಗ್ಲಿಷ್ ಪೋರ್ಟರ್ ಅಂದರೆ ಆಲ್ಕೋಹಾಲ್ 4ರಿಂದ 5.4, ಶುರುವಿನ ಅಳತೆ 1.040ರಿಂದ 1.052. ಅಮೆರಿಕನ್ ಪೋರ್ಟರ್ ಅಂದರೆ 4.8ರಿಂದ 6.5, ಅಳತೆ 1.050ರಿಂದ 1.070. ನಮ್ಮ ಬಿಯರ್ ಎರಡರಲ್ಲೂ ಕೂರುತ್ತದೆ! ಮೇಷ್ಟ್ರು ನೋಟ್‌ಬುಕ್ ತೋರಿಸಿ ಇಂಗ್ಲಿಷ್ ಅಂದ. ಗೆಳತಿ ಒಂದು ಗುಟುಕು ಕುಡಿದು, "ಹುರಿದ ವಾಸನೆ ನೋಡೋ, ಇದು ಅಮೆರಿಕನ್ನೇ" ಅಂದಳು. ಅವಳೇ ಹಾಕಿಸಿದ ಹಿಡಿ ಅಲ್ವಾ. ಅರ್ಜಿ ಮೇಷ್ಟ್ರ ಕೈಲಿತ್ತು. ಇಂಗ್ಲಿಷ್ ಅಂತ ಹೋಯಿತು.

ಇದು ಬಂದ ಅಂಕಪಟ್ಟಿ. ಇಬ್ಬರು ತೀರ್ಪುಗಾರರು, ಒಬ್ಬೊಬ್ಬರಿಗೂ 50 ಅಂಕ. ಪರಿಮಳಕ್ಕೆ 12, ರುಚಿಗೆ 20, ಬಾಯಿಗೆ ಹೇಗನ್ನಿಸಿತು ಅನ್ನುವುದಕ್ಕೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. ನೋಟಕ್ಕೆ ಬರೀ 3. ಗ್ಲಾಸನ್ನು ಕಿಟಕಿ ಹತ್ತಿರ ಇಟ್ಟು ನಾನು ಅಷ್ಟು ಹೊತ್ತು ಶೂಟ್ ಮಾಡಿದ್ದಕ್ಕೆ ಮೂರೇ ಅಂಕದ ಬೆಲೆ.

ಒಬ್ಬರು 34 ಕೊಟ್ಟಿದ್ದಾರೆ, ಇನ್ನೊಬ್ಬರು 30. ಎರಡೂ ಅವರ ಲೆಕ್ಕದಲ್ಲಿ 'ತುಂಬಾ ಚೆನ್ನಾಗಿದೆ' ಅನ್ನುವ ಸಾಲಿಗೆ ಬರುತ್ತವೆ, 30ರಿಂದ 37. ಪದಕ ಇಲ್ಲ. ಈ ಕೊನೆಯ ಸಾಲು ಓದಿ, ದೊಡ್ಡದು ಮಾಡಿ ತೋರಿಸುತ್ತಿದ್ದೇನೆ. ಹುರಿದ ರುಚಿ ಈ ಬಗೆಗೆ ಜಾಸ್ತಿ ಆಯಿತು, ಅಮೆರಿಕನ್ ಪೋರ್ಟರ್‌ನಲ್ಲಿ ಕಳಿಸಿದ್ದರೆ ಹೆಚ್ಚು ಅಂಕ ಬರುತ್ತಿತ್ತು ಅಂತ ಬರೆದಿದ್ದಾರೆ. ಗೆಳತಿ ಈ ಹಾಳೆಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದಳು. ಮೇಷ್ಟ್ರು ತೆಗೆದ. ಅವಳು ಮತ್ತೆ ಅಂಟಿಸಿದಳು.

ಸ್ಪರ್ಧೆ ಬಗ್ಗೆ ನಾನು ಬೈದದ್ದನ್ನು ಅರ್ಧ ವಾಪಸ್ ತಗೋತೀನಿ. ನಮ್ಮ ಬಿಯರ್ ಕುಡಿದವರೆಲ್ಲ ಸೂಪರ್ ಅಂತಲೇ ಹೇಳಿದ್ದರು. ಹುರಿದದ್ದು ಜಾಸ್ತಿ ಅಂತ ಹೆಸರಿಟ್ಟು ಹೇಳಿದವರು ನಮ್ಮನ್ನು ನೋಡಿಯೇ ಇಲ್ಲದ ಆ ಇಬ್ಬರು. ಬಾಟಲಿ ನಿಯಮದ ಬಗ್ಗೆ ಬೈದದ್ದನ್ನು ಮಾತ್ರ ವಾಪಸ್ ತಗೊಳ್ಳಲ್ಲ.

ಮುಂದಿನ ಸ್ಪರ್ಧೆಗೆ ಎರಡು ಕಡೆಗೂ ಕಳಿಸುವುದು ಅಂತ ಮಾತಾಗಿದೆ. ಒಂದಕ್ಕೆ ಚಾಕೊಲೇಟ್ ಮಾಲ್ಟ್ ಕಡಿಮೆ, ಒಂದಕ್ಕೆ ಈಗಿನಷ್ಟೇ. ಅಂದರೆ ಪಾತ್ರೆ ಎರಡು, ತೊಳೆಯುವುದೂ ಎರಡು. ತೊಳೆಯುವವನು ಒಬ್ಬನೇ. ಇದರ ಬಗ್ಗೆ ಇವರಿಬ್ಬರ ಹತ್ತಿರ ಸ್ವಲ್ಪ ಮಾತಾಡುವುದಿದೆ, ಕ್ಯಾಮೆರಾ ಆಫ್ ಮಾಡುತ್ತೇನೆ.