ಬಾಂಗೊ: ಒಂದೇ ಮಳೆಯ ನಾಡಿನಲ್ಲಿ ಮನೆ, ಜನ, ಹೊಲ

ಸಭೆಯಲ್ಲಿ ನೆರೆದಿರುವ ಎಲ್ಲರಿಗೂ ನಮಸ್ಕಾರ.

ಘಾನಾ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕೋಕೋ, ಚಿನ್ನ ಮತ್ತು ಕಡಲದಂಡೆಯ ಅಕ್ರಾ ನಗರ. ಇವೆಲ್ಲ ಆ ದೇಶದ ದಕ್ಷಿಣದ ಸಂಗತಿಗಳು. ನಾನು ಇಂದು ಹೇಳಹೊರಟಿರುವುದು ಅದೇ ದೇಶದ ಉತ್ತರದ ಅಂಚಿನಲ್ಲಿ, ಬುರ್ಕಿನಾ ಫಾಸೊ ಗಡಿಗೆ ಒತ್ತಿಕೊಂಡಿರುವ ಬಾಂಗೊ ಎಂಬ ಪುಟ್ಟ ಜಿಲ್ಲೆಯ ಬಗ್ಗೆ. ಅಪ್ಪರ್ ಈಸ್ಟ್ ಎಂಬ ಪ್ರಾಂತ್ಯಕ್ಕೆ ಸೇರಿದ ಈ ಜಿಲ್ಲೆಯ ವಿಸ್ತೀರ್ಣ ಸುಮಾರು 460 ಚದರ ಕಿಲೋಮೀಟರ್. ಅಂದರೆ ನಮ್ಮ ಒಂದು ಸಾಧಾರಣ ತಾಲ್ಲೂಕಿಗಿಂತಲೂ ಚಿಕ್ಕದು. ಪ್ರಾಂತ್ಯದ ಮುಖ್ಯ ಪಟ್ಟಣವಾದ ಬೊಲ್ಗಟಂಗ ಇದರ ದಕ್ಷಿಣಕ್ಕೆ ತೀರ ಹತ್ತಿರದಲ್ಲಿದೆ. ಅಕ್ಷಾಂಶದ ಲೆಕ್ಕದಲ್ಲಿ ಕೊಯಮತ್ತೂರಿನಿಂದ ನೇರ ಪಶ್ಚಿಮಕ್ಕೆ ಗೆರೆ ಎಳೆದರೆ, ಅದು ಅರಬ್ಬೀ ಸಮುದ್ರವನ್ನೂ ಆಫ್ರಿಕಾದ ಬಹುಭಾಗವನ್ನೂ ದಾಟಿ ಹೆಚ್ಚುಕಡಿಮೆ ಇಲ್ಲಿಗೇ ಬಂದು ಮುಟ್ಟುತ್ತದೆ.

ಮೊದಲು ನೆಲ. ಬಾಂಗೊ ಕಲ್ಲಿನ ನಾಡು. ನಸುಗೆಂಪು ಬಣ್ಣದ, ಪೊಟ್ಯಾಸಿಯಂ ಹೆಚ್ಚಾಗಿರುವ ಒಂದು ಬಗೆಯ ಗ್ರಾನೈಟಿಗೆ ಭೂವಿಜ್ಞಾನಿಗಳು ಈ ಊರಿನ ಹೆಸರನ್ನೇ ಇಟ್ಟು ‘ಬಾಂಗೊ ಗ್ರಾನೈಟ್’ ಎಂದು ಕರೆಯುತ್ತಾರೆ. ಚಿತ್ರದುರ್ಗದ ಸುತ್ತ ಅಥವಾ ಹಂಪಿಯ ಬಳಿ ಓಡಾಡಿದವರಿಗೆ ಇಲ್ಲಿನ ಬಂಡೆಗುಡ್ಡಗಳ ಚಿತ್ರ ಕಣ್ಣಿಗೆ ಕಟ್ಟುವುದು ಕಷ್ಟವಲ್ಲ: ಒಂದರ ಮೇಲೊಂದು ಪೇರಿಸಿಟ್ಟಂತಹ ದುಂಡು ಗುಂಡುಗಳು, ಅವುಗಳ ಬುಡದವರೆಗೂ ಬಂದು ನಿಂತ ಹೊಲಗಳು. ಬಂಡೆ ಸವೆದು ಉಂಟಾದ ಮಣ್ಣು ಮರಳು ಮರಳಾಗಿದ್ದು, ತೆಳುವಾಗಿದ್ದು, ನೀರನ್ನು ಬಹಳ ಕಾಲ ಹಿಡಿದಿಡುವುದಿಲ್ಲ.

ದಕ್ಷಿಣ ಘಾನಾದಲ್ಲಿ ವರ್ಷಕ್ಕೆ ಎರಡು ಮಳೆಗಾಲಗಳಿದ್ದರೆ ಇಲ್ಲಿರುವುದು ಒಂದೇ. ಮೇ ತಿಂಗಳಿನಲ್ಲಿ ಆರಂಭವಾಗಿ, ಆಗಸ್ಟ್‌ನಲ್ಲಿ ಜೋರಾಗಿ, ಅಕ್ಟೋಬರಿನಲ್ಲಿ ಮುಗಿದುಹೋಗುವ ಈ ಮಳೆಯ ಒಟ್ಟು ಮೊತ್ತ ವರ್ಷಕ್ಕೆ 900ರಿಂದ 1000 ಮಿಲಿಮೀಟರ್. ಈ ಅಂಕಿಯನ್ನು ಕೇಳಿ ರಾಯಚೂರು, ಬಳ್ಳಾರಿ ಕಡೆಯ ರೈತರು ‘ನಮಗಿಂತ ಎಷ್ಟೋ ಮೇಲು’ ಎನ್ನಬಹುದು. ಆದರೆ ಆ ನೀರೆಲ್ಲ ಐದಾರು ತಿಂಗಳಲ್ಲಿ ಸುರಿದು, ಅದರಲ್ಲಿಯೂ ಬಹುಪಾಲು ಗುಡುಗು ಸಿಡಿಲಿನ ಬಿರುಮಳೆಯಾಗಿ ಬಿದ್ದು, ಇಳಿಜಾರಿನಲ್ಲಿ ಮಣ್ಣನ್ನೂ ಎಳೆದುಕೊಂಡು ಹರಿದುಹೋಗುತ್ತದೆ. ನವೆಂಬರಿನಿಂದ ಮುಂದೆ ಸಹಾರಾ ಮರುಭೂಮಿಯ ಕಡೆಯಿಂದ ಹರ್ಮಟಾನ್ ಎಂಬ ಒಣಗಾಳಿ ಬೀಸತೊಡಗುತ್ತದೆ. ತುಟಿ ಒಡೆಯುತ್ತದೆ, ದೂಳಿನಿಂದ ಸೂರ್ಯ ಮಂಕಾಗುತ್ತಾನೆ, ರಾತ್ರಿ ಚಳಿ ಹಿಡಿಯುತ್ತದೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ಬಿಸಿಲು 40 ಡಿಗ್ರಿಗೆ ಏರುತ್ತದೆ.

ಇಂತಹ ನೆಲದಲ್ಲಿ ಎಷ್ಟು ಜನ ಇರಬಹುದು ಎಂದು ಊಹಿಸಿದರೆ ನಮ್ಮ ಊಹೆ ತಪ್ಪುತ್ತದೆ. 2010ರ ಜನಗಣತಿಯಲ್ಲಿ ಬಾಂಗೊ ಜಿಲ್ಲೆಯ ಜನಸಂಖ್ಯೆ 84,545. 2021ರ ಗಣತಿಯಲ್ಲಿ ಅದು 1 ಲಕ್ಷ 20 ಸಾವಿರವನ್ನು ದಾಟಿತ್ತು. ಎಂದರೆ ಚದರ ಕಿಲೋಮೀಟರಿಗೆ ಸುಮಾರು 260 ಜನ. ಅದೇ ವರ್ಷ ಇಡೀ ಘಾನಾದ ಸರಾಸರಿ 130ರ ಆಸುಪಾಸಿನಲ್ಲಿತ್ತು. ದೊಡ್ಡ ಪಟ್ಟಣವೊಂದೂ ಇಲ್ಲದ, ಕಾರ್ಖಾನೆಯಿಲ್ಲದ, ಕಲ್ಲುಗುಡ್ಡಗಳೇ ತುಂಬಿದ ಒಂದು ಗ್ರಾಮೀಣ ಜಿಲ್ಲೆಯಲ್ಲಿ ದೇಶದ ಸರಾಸರಿಯ ಎರಡರಷ್ಟು ಜನ ನೆಲೆಸಿದ್ದಾರೆ. ಒಂದು ಮಾತನ್ನು ಇಲ್ಲಿಯೇ ಸೇರಿಸಬೇಕು: 2010ರ ಗಣತಿ ನಡೆದದ್ದು ಸೆಪ್ಟೆಂಬರಿನಲ್ಲಿ, 2021ರದು ಜೂನ್ ಕೊನೆಯಲ್ಲಿ; ಎರಡೂ ಬೇಸಾಯದ ದಿನಗಳು, ದುಡಿಮೆಗೆ ದಕ್ಷಿಣಕ್ಕೆ ಹೋದವರು ಊರಿಗೆ ಮರಳಿರುವ ದಿನಗಳು. ಜನವರಿಯಲ್ಲಿ ಎಣಿಸಿದ್ದರೆ ಲೆಕ್ಕ ಇಷ್ಟೇ ಇರುತ್ತಿತ್ತೆಂದು ನಾನು ನಂಬುವುದಿಲ್ಲ.

ಈ ದಟ್ಟಣೆಗೆ ಕಾರಣವೇನು? ಅದರ ಒಂದು ಭಾಗ ಬಾಂಗೊದ ಹೊರಗಿದೆ. ಈ ಸೀಮೆಯನ್ನು ಬಳಸಿ ಹರಿಯುವ ಬಿಳಿ ವೋಲ್ಟಾ ಮತ್ತು ಕೆಂಪು ವೋಲ್ಟಾ ನದಿಗಳ ಕಣಿವೆಗಳಲ್ಲಿ ಮಣ್ಣು ಆಳವಾಗಿದೆ, ನೀರು ಹತ್ತಿರದಲ್ಲಿದೆ. ಆದರೂ ಬಹಳ ಕಾಲ ಅಲ್ಲಿ ಜನವಸತಿ ನಿಲ್ಲಲಿಲ್ಲ. ರಭಸದಿಂದ ಹರಿಯುವ ನೀರಿನಲ್ಲಿ ಮೊಟ್ಟೆಯಿಡುವ ಒಂದು ಸಣ್ಣ ಕಪ್ಪು ನೊಣ ಕಚ್ಚಿದಾಗ ಮೈಯೊಳಗೆ ಹುಳು ಸೇರಿ, ವರ್ಷಗಳು ಕಳೆದಂತೆ ಕಣ್ಣು ಕುರುಡಾಗುತ್ತಿತ್ತು. ನದಿಗುರುಡು ಎಂದೇ ಹೆಸರಾದ ಈ ರೋಗಕ್ಕೆ ಹೆದರಿ ಜನ ಹೊಳೆಯ ಬದಿಯ ಊರುಗಳನ್ನು ತೊರೆದು ಕಲ್ಲುನೆಲದ ಎತ್ತರಕ್ಕೆ ಬಂದು ಒತ್ತಾಗಿ ಕೂಡಿಕೊಂಡರು. ಹತ್ತೊಂಬತ್ತನೆಯ ಶತಮಾನದಲ್ಲಿ ಗುಲಾಮರನ್ನು ಹಿಡಿಯಲು ಕುದುರೆಯೇರಿ ಬರುತ್ತಿದ್ದವರ ಭಯವೂ ಜನರನ್ನು ಬಂಡೆಗಳ ಆಸರೆಗೆ ತಳ್ಳಿತು. ನದಿಗುರುಡಿನ ವಿರುದ್ಧ 1974ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಕಾರ್ಯಕ್ರಮ 2002ರವರೆಗೆ ನಡೆದು, ವಿಮಾನದಿಂದ ಹೊಳೆಗಳಿಗೆ ಔಷಧಿ ಸಿಂಪಡಿಸಿ, ಮುಂದೆ ಮಾತ್ರೆಗಳನ್ನೂ ಹಂಚಿ ರೋಗವನ್ನು ಬಹುಮಟ್ಟಿಗೆ ಹತೋಟಿಗೆ ತಂದಿತು.

ಇನ್ನೊಂದು ಕಾರಣ ಬಾಂಗೊದ ಒಳಗೇ, ಅಲ್ಲಿನ ಬೇಸಾಯದ ಪದ್ಧತಿಯಲ್ಲಿಯೇ ಇದೆ. ನನ್ನ ಇಂದಿನ ಮಾತಿನ ತಿರುಳು ಅದು.

ನಮ್ಮ ಕಡೆ ಊರು ಒಂದು ಕಡೆ, ಹೊಲ ಒಂದು ಕಡೆ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಬಾಂಗೊದಲ್ಲಿ ಹಾಗಲ್ಲ; ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ, ಹೊಲಗಳ ನಡುವೆ ಚದುರಿಕೊಂಡಿರುತ್ತವೆ. ಒಂದು ಮನೆ ಎಂದರೆ ಒಂದು ಕಟ್ಟಡವೂ ಅಲ್ಲ. ಮಣ್ಣಿನ ದುಂಡು ಕೋಣೆಗಳು ಹಲವು, ಅವನ್ನು ಜೋಡಿಸುವ ಮೋಟುಗೋಡೆ, ನಡುವೆ ಅಂಗಳ, ಬಾಗಿಲ ಬಳಿ ದನಕುರಿಗಳ ದೊಡ್ಡಿ, ಧಾನ್ಯ ತುಂಬುವ ಮಣ್ಣಿನ ಕಣಜ. ಅಣ್ಣತಮ್ಮಂದಿರು, ಅವರ ಹೆಂಡಿರು ಮಕ್ಕಳು, ಮುದುಕರು ಎಲ್ಲ ಸೇರಿ ಒಂದೇ ಆವರಣದಲ್ಲಿ ಇರುತ್ತಾರೆ. ಆ ಗೋಡೆಯ ಹೊರಮೈಗೆ ತಾಗಿಕೊಂಡೇ ಹೊಲ ಆರಂಭವಾಗುತ್ತದೆ.

ಆ ಹೊಲವನ್ನು ಮನೆಯಿಂದ ಹೊರಕ್ಕೆ ನಡೆಯುತ್ತಾ ನೋಡಬೇಕು. ಗೋಡೆಯ ಬುಡದಲ್ಲಿ ಬೆಂಡೆ, ಸೊಪ್ಪು, ಕುಂಬಳ, ಕೆಲವೆಡೆ ಹೊಗೆಸೊಪ್ಪು. ಅದರಾಚೆ ಮೊದಲ ಸುತ್ತಿನಲ್ಲಿ ‘ನಾರಾ’ ಎಂದು ಕರೆಯುವ ಬೇಗ ಮಾಗುವ ಸಜ್ಜೆ. ಅದರ ಸಾಲುಗಳ ನಡುವೆಯೇ ತಡವಾಗಿ ಮಾಗುವ ಸಜ್ಜೆ ಮತ್ತು ಜೋಳ, ಅವುಗಳ ಕಾಲಡಿಗೆ ಹರಡಿಕೊಳ್ಳುವ ಅಲಸಂದೆ. ನಮ್ಮ ಹಳೆಯ ಒಕ್ಕಲುತನದ ಅಕ್ಕಡಿ ಸಾಲನ್ನು ಬಲ್ಲವರಿಗೆ ಇದರ ಜಾಣತನವನ್ನು ವಿವರಿಸಬೇಕಾಗಿಲ್ಲ. ಇನ್ನೂ ಆಚೆ ನೆಲ ತೆಳುವಾಗುತ್ತಾ ಹೋದಂತೆ ನೆಲಗಡಲೆ, ಮತ್ತು ನೆಲಗಡಲೆಯಂತೆಯೇ ಮಣ್ಣೊಳಗೆ ಕಾಯಿ ಕಟ್ಟುವ ಬಂಬಾರ ಕಾಳು. ತಗ್ಗಿನಲ್ಲಿ ನೀರು ನಿಲ್ಲುವ ಜಾಗವಿದ್ದರೆ ಭತ್ತ. ಈ ಸುತ್ತುಗಳನ್ನು ನಿರ್ಧರಿಸುವುದು ಗೊಬ್ಬರ. ದೊಡ್ಡಿಯ ಸಗಣಿ, ಆಡುಕುರಿಗಳ ಹಿಕ್ಕೆ, ಒಲೆಯ ಬೂದಿ, ಮನೆ ಗುಡಿಸಿದ ಕಸ, ಎಲ್ಲವನ್ನೂ ಹೆಂಗಸರು ಬುಟ್ಟಿಯಲ್ಲಿ ತಲೆಯ ಮೇಲೆ ಹೊತ್ತು ಹಾಕುತ್ತಾರೆ. ಹೊತ್ತ ಬುಟ್ಟಿ ಎಷ್ಟು ದೂರ ಹೋಗಬಲ್ಲದೋ ಅಷ್ಟರವರೆಗೆ ಮಾತ್ರ ಹೊಲ ವರ್ಷ ವರ್ಷವೂ ಬಿಡುವಿಲ್ಲದೆ ಬೆಳೆ ಕೊಡುತ್ತದೆ. ಸವನ್ನಾದ ಬೇರೆಡೆಗಳಲ್ಲಿ ನಾಲ್ಕಾರು ವರ್ಷ ಬೆಳೆದು, ಆಮೇಲೆ ಬೀಳು ಬಿಟ್ಟು, ಮತ್ತೆಲ್ಲೋ ಹೊಸ ನೆಲ ಕಡಿಯುತ್ತಿದ್ದ ಕಾಲದಲ್ಲಿಯೂ ಬಾಂಗೊದ ಮನೆಸುತ್ತಿನ ಹೊಲ ಬೀಳು ಬಿದ್ದದ್ದಿಲ್ಲ. ಜನ ಹೆಚ್ಚಿದಂತೆ ಮನೆಗಳು ಹೆಚ್ಚುತ್ತವೆ, ಮನೆ ಹೆಚ್ಚಿದಂತೆ ತಿಪ್ಪೆ ಹೆಚ್ಚುತ್ತದೆ, ತಿಪ್ಪೆಯ ಸುತ್ತ ಬಡಕಲು ಮಣ್ಣು ಹೊಲವಾಗುತ್ತದೆ. ಜನಸಂಖ್ಯೆಯನ್ನು ನೆಲದ ಮೇಲಿನ ಭಾರ ಎಂದಷ್ಟೇ ಓದುವ ನಮ್ಮ ರೂಢಿಗೆ ಈ ಜಿಲ್ಲೆ ಸುಲಭವಾಗಿ ಒಗ್ಗುವುದಿಲ್ಲ.

ವರ್ಷದ ಲಯವೆಲ್ಲ ನಾರಾ ಸಜ್ಜೆಯ ಸುತ್ತ ತಿರುಗುತ್ತದೆ. ಮೊದಲ ಹದಮಳೆಗೆ ಬಿತ್ತಿದರೆ ಮೂರು ತಿಂಗಳೊಳಗೆ, ಜುಲೈ ಹೊತ್ತಿಗೆ ಅದು ತೆನೆ ಕೊಡುತ್ತದೆ. ಹಿಂದಿನ ವರ್ಷದ ಕಣಜ ಬರಿದಾಗುವುದು ಮೇ, ಜೂನ್‌ನಲ್ಲಿ. ಕಳೆ ಕೀಳುವ, ಮೈ ಮುರಿಯುವ ದುಡಿಮೆಯ ದಿನಗಳೂ ಅವೇ. ಹೊಟ್ಟೆಗೆ ಅತಿ ಕಡಿಮೆ ಇರುವಾಗ ಅತಿ ಹೆಚ್ಚು ದುಡಿಯಬೇಕಾದ ಆ ವಾರಗಳನ್ನು ದಾಟಿಸುವುದು ಈ ಒಂದು ಬೆಳೆ. ನಾರಾ ಕೊಯ್ದ ಮೇಲೆ ಅದರ ಜಾಗದಲ್ಲಿ ಜೋಳಕ್ಕೂ ತಡಸಜ್ಜೆಗೂ ಬಿಸಿಲು, ಗಾಳಿ ಸಿಕ್ಕಿ ಅವು ನವೆಂಬರಿನವರೆಗೆ ಬೆಳೆದು ಮಾಗುತ್ತವೆ. ಇತ್ತೀಚಿನ ವರ್ಷಗಳಲ್ಲಿ ಮುಸುಕಿನ ಜೋಳ ಈ ಸುತ್ತಿನೊಳಗೆ ನುಗ್ಗುತ್ತಿದೆ. ಸರ್ಕಾರ 2017ರಲ್ಲಿ ಆರಂಭಿಸಿದ ರಿಯಾಯಿತಿ ಬೀಜ, ಗೊಬ್ಬರದ ಯೋಜನೆ ಅದಕ್ಕೆ ಇಂಬು ಕೊಟ್ಟಿತು. ಆದರೆ ಮುಸುಕಿನ ಜೋಳ ಚೀಲದ ಗೊಬ್ಬರ ಕೇಳುತ್ತದೆ, ನಡುವೆ ಎರಡು ವಾರ ಮಳೆ ಕೈಕೊಟ್ಟರೆ ಸಜ್ಜೆಯಂತೆ ತಾಳಿಕೊಂಡು ನಿಲ್ಲುವುದಿಲ್ಲ.

ಸಜ್ಜೆಯ ಬಗ್ಗೆ ಒಂದು ಮಾತು, ವಿಷಯಾಂತರವೆನಿಸಿದರೂ ಹೇಳಲೇಬೇಕು. ಸಜ್ಜೆ ಮತ್ತು ಅಲಸಂದೆ ಪಶ್ಚಿಮ ಆಫ್ರಿಕಾದಲ್ಲಿ ಹುಟ್ಟಿದ ಬೆಳೆಗಳು. ಉತ್ತರ ಘಾನಾದ ಗಂಬಾಗ ಕಡಿದಾದ ಬೆಟ್ಟಸಾಲಿನ ಬಳಿಯ ಬಿರಿಮಿ ಎಂಬಲ್ಲಿ ಮೂರೂವರೆ ಸಾವಿರ ವರ್ಷಗಳಿಗೂ ಹಿಂದಿನ ಸುಟ್ಟ ಸಜ್ಜೆ ಕಾಳುಗಳು ಸಿಕ್ಕಿವೆ. ನಮ್ಮ ಹಾವೇರಿ ಜಿಲ್ಲೆಯಲ್ಲಿ, ತುಂಗಭದ್ರೆಯ ದಂಡೆಯ ಹಳ್ಳೂರಿನ ಪ್ರಾಚೀನ ನೆಲೆಯಲ್ಲಿಯೂ ಸಜ್ಜೆ ಕಾಳು ದೊರೆತಿದೆ. ಅದೇ ಜಿಲ್ಲೆಯ ಸವಣೂರಿನಲ್ಲಿ ನಾವು ದೊಡ್ಡಹುಣಸೆ ಎಂದು ಕರೆದು ಪೂಜಿಸುವ ಮಹಾವೃಕ್ಷಗಳು ಬಾಂಗೊದ ಹೊಲಗಳಲ್ಲಿ ನಿಂತಿರುವ ಬಾವೊಬಾಬ್ ಮರಗಳೇ. ಅಲ್ಲಿ ಅದರ ಎಲೆಯನ್ನು ಒಣಗಿಸಿ, ಕುಟ್ಟಿ, ಸಾರಿಗೆ ಹಾಕುತ್ತಾರೆ. ಸಜ್ಜೆ ಅಥವಾ ಜೋಳದ ಹಿಟ್ಟನ್ನು ಕುದಿನೀರಿನಲ್ಲಿ ತೊಳಸಿ ಮಾಡುವ ಟೂ ಜಾಫಿ ನಮ್ಮ ಮುದ್ದೆಗೆ ತಂಗಿಯಂತಿದೆ. ಮನೆಗೆ ಬಂದವರಿಗೆ ಮೊದಲು ಕೊಡುವುದು ಸೋರೆಬುರುಡೆಯಲ್ಲಿ ಸಜ್ಜೆಹಿಟ್ಟು ಕದಡಿದ ನೀರು. ಅದನ್ನು ಕುಡಿದ ಮೇಲೆಯೇ ಬಂದ ಕಾರಣ ಕೇಳುವುದು.

ಹೊಲದಲ್ಲಿ ಮರಗಳನ್ನು ಕಡಿಯದೆ ಉಳಿಸಿಕೊಳ್ಳುವುದು ಈ ಸೀಮೆಯ ಇನ್ನೊಂದು ಲಕ್ಷಣ. ಶಿಯಾ ಮರ ನಮ್ಮ ಹಿಪ್ಪೆಯ ಕುಟುಂಬಕ್ಕೇ ಸೇರಿದ್ದು. ಅದರ ಬೀಜವನ್ನು ಆಯ್ದು, ಬೇಯಿಸಿ, ಹುರಿದು, ಅರೆದು ಬೆಣ್ಣೆ ತೆಗೆಯುವುದು ಹೆಂಗಸರ ಕೆಲಸ, ಅದರ ಹಣವೂ ಅವರದೇ. ದವದವ ಮರದ ಬೀಜವನ್ನು ಹುಳಿ ಬರಿಸಿ ಸಾರಿನ ಮಸಾಲೆ ಮಾಡುತ್ತಾರೆ. ಜಾಲಿಯ ಬಳಗದ ಇನ್ನೊಂದು ಮರವಿದೆ. ಸಸ್ಯಶಾಸ್ತ್ರಜ್ಞರು ಅದನ್ನು ಫೈಡರ್ಬಿಯಾ ಎನ್ನುತ್ತಾರೆ. ಅದು ಮಳೆಗಾಲದಲ್ಲಿ ಎಲೆ ಉದುರಿಸಿ ಬೇಸಿಗೆಯಲ್ಲಿ ಚಿಗುರುತ್ತದೆ. ಬೆಳೆಗೆ ಬಿಸಿಲು ಬೇಕಾದಾಗ ನೆರಳಿಲ್ಲ, ದನಕ್ಕೆ ಮೇವಿಲ್ಲದಾಗ ಅದರ ಕಾಯಿ ಉದುರುತ್ತದೆ. ಇಂತಹ ಮರವನ್ನು ಯಾವ ರೈತ ಕಡಿಯುತ್ತಾನೆ?

ಆದರೂ ಈ ವ್ಯವಸ್ಥೆ ಇಂದು ಬಿಗಿಯಾಗಿದೆ. ಅಡುಗೆಗೆ ಸೌದೆ ಸಿಗದ ಕಡೆ ಸಜ್ಜೆ ಜೋಳದ ದಂಟೇ ಒಲೆ ಸೇರುತ್ತದೆ. ಹೊಲಕ್ಕೆ ಮರಳಬೇಕಾದದ್ದು ಬೂದಿಯಾಗುತ್ತದೆ. ಹೊಲ ಭಾಗವಾಗುತ್ತಾ ಹೋಗಿ ಮನೆಗಳ ನಡುವಿನ ಅಂತರ ಕಿರಿದಾಗಿದೆ. ಭೂಮಿಯ ಮೇಲಿನ ಮೂಲ ಹಕ್ಕು ಮೊದಲು ನೆಲೆನಿಂತ ಮನೆತನದ ‘ತೆಂದಾನ’ನದು, ಅಂದರೆ ಭೂಮಿಯ ಪೂಜಾರಿಯದು. ಅವನು ನೆಲವನ್ನು ಮಾರುವ ಒಡೆಯನಲ್ಲ, ಅದಕ್ಕೆ ನಡೆಯಬೇಕಾದ ಪೂಜೆಯ ಹೊಣೆಗಾರ. ಹೆಂಗಸರಿಗೆ ನೆಲದ ಹಕ್ಕು ಬರುವುದು ವಿರಳ. ಗಂಡನ ಮನೆಯವರು ತೋರಿಸಿದ ತುಂಡಿನಲ್ಲಿ ಅವರು ನೆಲಗಡಲೆ ಬೆಳೆಯುತ್ತಾರೆ, ಆ ತುಂಡು ಸಾಮಾನ್ಯವಾಗಿ ಗೊಬ್ಬರದ ಬುಟ್ಟಿ ತಲುಪದ ದೂರದ ಸುತ್ತಿನಲ್ಲಿರುತ್ತದೆ. ಗೊಬ್ಬರ ಹೊತ್ತವರಿಗೆ ಗೊಬ್ಬರ ಬೀಳದ ನೆಲ!

ಸುಗ್ಗಿ ಮುಗಿದ ಮೇಲೆ ಗುಳೆ. ಬ್ರಿಟಿಷರ ಕಾಲದಲ್ಲಿ ಉತ್ತರ ಘಾನಾವನ್ನು ದಕ್ಷಿಣದ ಗಣಿಗಳಿಗೆ, ರೈಲುದಾರಿಗೆ, ಕೋಕೋ ತೋಟಗಳಿಗೆ ಆಳು ಒದಗಿಸುವ ಸೀಮೆಯಾಗಿ ಇಟ್ಟುಕೊಳ್ಳಲಾಗಿತ್ತು. ಆಡಳಿತದ ವಿರುದ್ಧ ಬಾಂಗೊ ಜನ 1916ರಲ್ಲಿ ತಿರುಗಿಬಿದ್ದದ್ದು ದಾಖಲಾಗಿದೆ. ಆಳು ಹಿಡಿಯುವ ಒತ್ತಾಯ ನಿಂತರೂ ದಾರಿ ಹಾಗೇ ಉಳಿಯಿತು. ಈಗಲೂ ಯುವಕರು ನವೆಂಬರ್, ಡಿಸೆಂಬರಿನಲ್ಲಿ ಕುಮಾಸಿ, ಅಕ್ರಾಗಳ ಬಸ್ಸು ಹತ್ತಿ, ಮಳೆಗೆ ಮರಳುತ್ತಾರೆ. ಈ ಜನರಿಗೆ ಫ್ರಾಫ್ರಾ ಎಂಬ ಹೆಸರು ಬಂದದ್ದೂ ದುಡಿಮೆಯಿಂದಲೇ: ‘ಯಾ ಫರಾ ಫರಾ’ ಎಂದು, ದಣಿದವರನ್ನು ಕಂಡಾಗ ಹೇಳುವ ಸಹಾನುಭೂತಿಯ ಮಾತನ್ನು ಕೇಳಿದ ಹೊರಗಿನವರು ಅದನ್ನೇ ಜನಾಂಗದ ಹೆಸರಾಗಿಸಿದರು. ಊರಿನಲ್ಲಿ ಉಳಿದ ಹೆಂಗಸರು ಬುಟ್ಟಿ ಹೆಣೆಯುತ್ತಾರೆ. ಬೊಲ್ಗ ಬುಟ್ಟಿ ಎಂದು ಯುರೋಪಿನ ಅಂಗಡಿಗಳಲ್ಲಿ ಮಾರಾಟವಾಗುವ ಈ ಬುಟ್ಟಿಯ ಹುಲ್ಲು ಈಗ ಸ್ಥಳೀಯವಾಗಿ ಸಾಲದೆ ದಕ್ಷಿಣದಿಂದ ಲಾರಿಯಲ್ಲಿ ಬರುತ್ತದೆ.

ನೀರಾವರಿ ಇಲ್ಲವೆಂದಲ್ಲ. 1965ರಲ್ಲಿ ಕೆಲಸ ಆರಂಭವಾಗಿ 1980ರಲ್ಲಿ ಮುಗಿದ ವೇಯಾ ಅಣೆಕಟ್ಟು ಸುಮಾರು 850 ಹೆಕ್ಟೇರಿಗೆ ನೀರುಣಿಸಲೆಂದು ಕಟ್ಟಿದ್ದು. ಅದರ ಕೆಳಗಿನ ಊರುಗಳು ಬೇಸಿಗೆಯಲ್ಲಿ ಟೊಮೆಟೊ, ಭತ್ತ ಬೆಳೆಯುತ್ತವೆ. ಗುಡ್ಡದ ಮೇಲಿನ ಊರುಗಳಿಗೆ ಅದು ಕಣ್ಣಿಗೆ ಕಾಣುವ ನೀರು, ಅಷ್ಟೆ. ಕುಡಿಯುವ ನೀರಿನದು ಬೇರೆ ಕಥೆ. 1970ರ ದಶಕದಿಂದ ಕೆನಡಾ ದೇಶದ ನೆರವಿನಿಂದ ಈ ಸೀಮೆಯಲ್ಲಿ ಕೈಪಂಪಿನ ಕೊಳವೆಬಾವಿಗಳು ಬಂದವು. ಕೆರೆಕುಂಟೆಯ ನೀರಿನಿಂದ ಬರುತ್ತಿದ್ದ ಕಾಯಿಲೆಗಳು ತಗ್ಗಿದವು. ಆದರೆ ಬಾಂಗೊ ಗ್ರಾನೈಟಿನೊಳಗಿನ ನೀರಿನಲ್ಲಿ ಫ್ಲೋರೈಡ್ ಇತ್ತು, ಅನೇಕ ಕಡೆ ಲೀಟರಿಗೆ 1.5 ಮಿಲಿಗ್ರಾಂ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ ಹೆಚ್ಚು. ಮಕ್ಕಳ ಹಲ್ಲುಗಳ ಮೇಲೆ ಕಂದು ಕಲೆ ಕಾಣಿಸಿಕೊಂಡಿತು. ಪಾವಗಡದ ಕಡೆಯವರು ಈ ಸಭೆಯಲ್ಲಿದ್ದರೆ ಅವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಹರ್ಮಟಾನ್ ಬೀಸುವಾಗ ಬಾಯಾರಿಕೆ ಹೆಚ್ಚು, ಕುಡಿಯುವ ನೀರು ಹೆಚ್ಚು, ಆದ್ದರಿಂದ ಮೈಗೆ ಸೇರುವ ಫ್ಲೋರೈಡೂ ಹೆಚ್ಚು.

ಕೊನೆಯದಾಗಿ ಮತ್ತೆ ಮನೆಯ ಬಳಿಗೇ ಬರುತ್ತೇನೆ. ಮಣ್ಣಿನ ಮನೆ ಎರಡು ಮೂರು ತಲೆಮಾರು ಬಾಳಿ, ಮಳೆಗೆ ಕರಗಿ, ಒಂದು ದಿನ ಕುಸಿಯುತ್ತದೆ. ಮನೆತನ ಅದರ ಪಕ್ಕದಲ್ಲಿ ಹೊಸದು ಕಟ್ಟಿಕೊಳ್ಳುತ್ತದೆ. ಹಳೆಯ ಗೋಡೆಯ ಮಣ್ಣು, ದೊಡ್ಡಿಯಲ್ಲಿ ಇಳಿದುಳಿದ ಸಗಣಿ, ದಶಕಗಳ ಬೂದಿ ಎಲ್ಲ ಬೆರೆತ ಆ ದಿಣ್ಣೆಯಂತಹ ನೆಲ ಹತ್ತಿರದ ಹೊಲಗಳಲ್ಲೆಲ್ಲ ಫಲವತ್ತಾದದ್ದು. ಅದನ್ನು ಹೊರಗಿನವರಿಗೆ ಕೊಡುವುದಿಲ್ಲ, ಹಿರಿಯರು ಬಾಳಿದ ಜಾಗವೆಂದು ಮನೆಯ ಹಿರಿಯನೇ ಇಟ್ಟುಕೊಳ್ಳುತ್ತಾನೆ. ಜುಲೈ ತಿಂಗಳಲ್ಲಿ ಬಾಂಗೊದ ಯಾವುದಾದರೂ ಹೊಲದಲ್ಲಿ ಒಂದು ತುಣುಕಿನ ನಾರಾ ಮಾತ್ರ ಸುತ್ತಲಿನದಕ್ಕಿಂತ ಒಂದು ಮೊಳ ಎತ್ತರ ನಿಂತಿದ್ದರೆ, ಅಲ್ಲಿ ಹಿಂದೆ ಯಾರೋ ಒಲೆ ಹಚ್ಚುತ್ತಿದ್ದರು ಎಂದು ಊರಿನ ಮಕ್ಕಳೂ ಹೇಳಬಲ್ಲರು.